ಪಾಸ್ಕಲ್: ಎತ್ತರವನ್ನಷ್ಟೇ ಬದಲಿಸಿ ನೋಡಿದ ವಿಜ್ಞಾನಿ

ಒತ್ತಡದ ಏಕಮಾನವೆಂದು ನಾವು ಕಪ್ಪುಹಲಗೆಯ ಮೇಲೆ ಬರೆಯುವ ಪಾಸ್ಕಲ್ ಒಬ್ಬ ವಿಜ್ಞಾನಿಯ ಹೆಸರು. ಬ್ಲೇಸ್ ಪಾಸ್ಕಲ್ 1623ರ ಜೂನ್ 19ರಂದು ಫ್ರಾನ್ಸಿನ ಕ್ಲೆರ್ಮೋಂ ಪಟ್ಟಣದಲ್ಲಿ ಜನಿಸಿದನು. ಮೂರನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಮಗನಿಗೆ ತಂದೆಯೇ ಮನೆಯಲ್ಲಿ ಪಾಠ ಹೇಳಿದನು. ಮೊದಲು ಭಾಷೆ, ಆಮೇಲೆ ಗಣಿತ ಎಂಬುದು ತಂದೆಯ ಕ್ರಮ. ಹುಡುಗ ಅಷ್ಟು ಕಾಯಲಿಲ್ಲ. ಹನ್ನೆರಡರ ಹೊತ್ತಿಗೆ ತಾನಾಗಿಯೇ ರೇಖಾಗಣಿತದಲ್ಲಿ ತೊಡಗಿದನೆಂದು ಅವನ ಅಕ್ಕ ದಾಖಲಿಸಿದ್ದಾಳೆ.

ಆ ಕಾಲದಲ್ಲಿ ವಿದ್ವಾಂಸರನ್ನು ಕಾಡುತ್ತಿದ್ದ ಪ್ರಶ್ನೆಯೊಂದಿತ್ತು. ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ, ಪಾದರಸ ಸ್ವಲ್ಪ ಇಳಿದು ಸುಮಾರು 76 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಯಾವುದು? ಪ್ರಕೃತಿ ಶೂನ್ಯವನ್ನು ಸಹಿಸದು ಎಂದು ಹಲವರು ನಂಬಿದ್ದರು. ಗಾಳಿಯ ಭಾರವೇ ಕಾರಣ ಎಂದು ಇಟಲಿಯ ಟೊರಿಸೆಲ್ಲಿ ಹೇಳಿದ್ದನು. ಹಾಗಿದ್ದರೆ ನಾವು ಗಾಳಿಯ ಕಡಲಿನ ತಳದಲ್ಲಿದ್ದೇವೆ, ಮೇಲೇರಿದಂತೆ ಪಾದರಸ ಇಳಿಯಲೇಬೇಕು ಎಂದು ಪಾಸ್ಕಲ್ ತರ್ಕಿಸಿದನು.

ಅವನಿದ್ದದ್ದು ಪ್ಯಾರಿಸ್ಸಿನಲ್ಲಿ, ಆರೋಗ್ಯವೂ ಚೆನ್ನಾಗಿರಲಿಲ್ಲ. ಕ್ಲೆರ್ಮೋಂನಲ್ಲಿದ್ದ ಭಾವ ಪೆರಿಯೆಗೆ ಪತ್ರ ಬರೆದು ಕೇಳಿಕೊಂಡನು. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಪಟ್ಟಣದಲ್ಲಿ ಎರಡು ಕೊಳವೆಗಳನ್ನು ನಿಲ್ಲಿಸಿ ಅಳೆದನು. ಎರಡರಲ್ಲೂ ಸುಮಾರು 71 ಸೆಂ.ಮೀ. ಒಂದನ್ನು ಅಲ್ಲಿಯೇ ಬಿಟ್ಟು, ದಿನವಿಡೀ ಗಮನಿಸಲು ಒಬ್ಬ ಪಾದ್ರಿಗೆ ಹೇಳಿದನು. ಇನ್ನೊಂದನ್ನು ಪಟ್ಟಣಕ್ಕಿಂತ ಸುಮಾರು 1,000 ಮೀಟರ್ ಎತ್ತರದಲ್ಲಿರುವ ಪ್ಯೂಯ್ ದ ದೋಮ್ ಶಿಖರಕ್ಕೆ ಒಯ್ದನು. ಅಲ್ಲಿ ಪಾದರಸ ಸುಮಾರು 63 ಸೆಂ.ಮೀ.ಗೆ ಇಳಿದಿತ್ತು. ಕೆಳಗಿನ ಕೊಳವೆ ಮಾತ್ರ ಬದಲಾಗಿರಲಿಲ್ಲ. ಆ ಕೊಳವೆ ಇಲ್ಲದಿದ್ದರೆ, ಅಂದಿನ ಹವೆಯೇ ಬದಲಾಗಿರಬಹುದೆಂಬ ಆಕ್ಷೇಪಕ್ಕೆ ಉತ್ತರವಿರುತ್ತಿರಲಿಲ್ಲ.

ನೀರಿನ ವಿಷಯದಲ್ಲೂ ಪಾಸ್ಕಲ್ ಇದೇ ದಾರಿ ಹಿಡಿದನು. ಅಗಲ, ಕಿರಿದು, ಓರೆ ಹೀಗೆ ಬೇರೆ ಬೇರೆ ಆಕಾರದ ಪಾತ್ರೆಗಳ ತಳದಲ್ಲಿ ಒಂದೇ ಅಳತೆಯ ರಂಧ್ರವಿದ್ದು, ನೀರಿನ ಎತ್ತರವೂ ಒಂದೇ ಆಗಿದ್ದರೆ, ಆ ರಂಧ್ರದ ಮುಚ್ಚಳವನ್ನು ತಡೆದು ಹಿಡಿಯಲು ಬೇಕಾದ ಬಲ ಒಂದೇ ಎಂದು ವಿವರಿಸಿದನು. ಒತ್ತಡವನ್ನು ನಿರ್ಧರಿಸುವುದು ನೀರಿನ ಪ್ರಮಾಣವಲ್ಲ, ಅದರ ಆಳ. ಪ್ರತಿ ಮೀಟರ್ ಆಳಕ್ಕೆ ಒತ್ತಡ ಸುಮಾರು 9,800 ಪಾಸ್ಕಲ್ ಹೆಚ್ಚುತ್ತದೆ. ಈ ಗ್ರಂಥ ಅಚ್ಚಾದದ್ದು 1663ರಲ್ಲಿ. ಅದಕ್ಕೆ ಹಿಂದಿನ ವರ್ಷ, ಆಗಸ್ಟ್ 19ರಂದು, ಪಾಸ್ಕಲ್ 39ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು.

ಒಂದೇ ಬಾಟಲಿಗೆ ಮೇಲೆ ಕೆಳಗೆ ಮೂರು ತೂತು ಮಾಡಿ ತೋರಿಸುವ ಪ್ರಯೋಗ ನಮ್ಮ ಪಾಠಗಳಲ್ಲಿ ರೂಢಿಯಲ್ಲಿದೆ. ಅದು ಆಳದ ಪರಿಣಾಮವನ್ನು ತೋರಿಸುತ್ತದೆಯೇ ಹೊರತು, ನೀರು ಹೆಚ್ಚಿದ್ದರೆ ಒತ್ತಡವೂ ಹೆಚ್ಚು ಎಂಬ ಮಕ್ಕಳ ಕಲ್ಪನೆಯನ್ನು ಮುಟ್ಟುವುದಿಲ್ಲ. ಅದಕ್ಕಾಗಿ ಒಂದು ದಪ್ಪ ಮತ್ತು ಒಂದು ಸಣ್ಣ ಬಾಟಲಿ ತೆಗೆದುಕೊಳ್ಳಿ. ಒಂದೇ ಎತ್ತರದಲ್ಲಿ ಒಂದೇ ಅಳತೆಯ ತೂತು ಮಾಡಿ, ಒಂದೇ ಮಟ್ಟಕ್ಕೆ ನೀರು ತುಂಬಿ. ಯಾವುದರ ನೀರು ದೂರ ಚಿಮ್ಮುತ್ತದೆ ಎಂದು ಮಕ್ಕಳು ಮೊದಲೇ ಊಹಿಸಿ ಬರೆಯಲಿ. ಆಮೇಲೆ ಎರಡೂ ತೂತುಗಳನ್ನು ಒಟ್ಟಿಗೆ ತೆರೆಯಿರಿ. ಸಣ್ಣ ಬಾಟಲಿಯ ಮಟ್ಟ ಬೇಗ ಇಳಿಯುವುದರಿಂದ ಮೊದಲ ಕ್ಷಣವನ್ನೇ ಗಮನಿಸಲು ಹೇಳಿ. ಯಾವುದನ್ನು ಬದಲಿಸಿದೆವು, ಯಾವುದನ್ನು ಹಾಗೆಯೇ ಉಳಿಸಿಕೊಂಡೆವು ಎಂಬುದನ್ನು ಮಕ್ಕಳೇ ಹೇಳುವವರೆಗೆ ಸೂತ್ರ ಬರೆಯುವ ಅವಸರ ಬೇಡ.