ಬೌಲರ್‌ಗಳ ಪಕ್ಕ ಮೈಕ್ ಹಿಡಿದು ನಿಂತವರು

ನಮ್ಮ ಸುಬ್ರಹ್ಮಣ್ಯಪುರದಲ್ಲಿ ಬೌಲರ್ ಅಂದ್ರೆ ನೆನಪಾಗೋದು ಕ್ರಿಕೆಟ್ಟೇ. ಆದರೆ ಅಮೆರಿಕದಲ್ಲಿ ಹಾದಿಯ ಮೇಲೆ ಭಾರದ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸೋ ವೃತ್ತಿಪರ ಬೌಲರ್‌ಗಳಿದ್ದಾರೆ. ಅವರನ್ನು ಟಿವಿಯಲ್ಲಿ ಮನೆಮನೆಗೆ ಪರಿಚಯಿಸಿದವರು ಕ್ರಿಸ್ ಶೆಂಕೆಲ್.

1923ರಲ್ಲಿ ಇಂಡಿಯಾನಾ ರಾಜ್ಯದ ಬಿಪ್ಪಸ್ ಎಂಬ ಪುಟ್ಟ ಊರಲ್ಲಿ ಹುಟ್ಟಿದ ಶೆಂಕೆಲ್, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದಿ, ರೇಡಿಯೊ ದಾರಿಯಲ್ಲಿ ಟಿವಿಗೆ ಬಂದರು. 1968ರ ಮೆಕ್ಸಿಕೊ ಒಲಿಂಪಿಕ್ಸನ್ನು ಎಬಿಸಿ ವಾಹಿನಿಗೆ ನಿರೂಪಿಸಿದರು. ಆದರೂ ಜನ ಅವರನ್ನು ನೆನೆಯೋದು ಶನಿವಾರ ಮಧ್ಯಾಹ್ನದ ಬೌಲಿಂಗ್‌ಗಾಗಿ.

1960ರ ದಶಕದ ಆರಂಭದಿಂದ 1997ರವರೆಗೆ ಅದೇ ಕಾರ್ಯಕ್ರಮ. ಅಲ್ಲಿಗೆ ಬರ್ತಿದ್ದವರು ಸಿನಿಮಾ ತಾರೆಯರಲ್ಲ. ಡಿಕ್ ವೆಬರ್ ಅಂಚೆ ಇಲಾಖೆಯಲ್ಲಿ ದುಡಿದವರು, ಅರ್ಲ್ ಆಂಟನಿ ದಿನಸಿ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿದವರು. ಕ್ಯಾಮೆರಾ ಮುಂದೆ ಇಂಥವರಿಗೆ ಶೆಂಕೆಲ್ ಗೌರವದಿಂದ ಪ್ರಶ್ನೆ ಕೇಳ್ತಿದ್ದರು, ಸೋತವರನ್ನು ಹಂಗಿಸ್ತಿರಲಿಲ್ಲ. ಬರೀ ಹೊಗಳ್ತಾರೆ ಅಂತ ವಿಮರ್ಶಕರು ಕುಟುಕಿದರೂ ಅವರು ಧಾಟಿ ಬದಲಿಸಲಿಲ್ಲ.

1997ರಲ್ಲಿ ಎಬಿಸಿ ಈ ಪ್ರಸಾರ ನಿಲ್ಲಿಸಿತು. 2005ರಲ್ಲಿ ಶೆಂಕೆಲ್ ತೀರಿಕೊಂಡರು. ವೃತ್ತಿಪರ ಬೌಲರ್‌ಗಳ ಸಂಘ ಕೊಡುವ ವರ್ಷದ ಆಟಗಾರ ಪ್ರಶಸ್ತಿಗೆ ಇವತ್ತು ಇವರದೇ ಹೆಸರು. ಆಡಿದವರದ್ದಲ್ಲ, ಆಡಿದವರನ್ನು ಮಾತಾಡಿಸಿದವರದ್ದು. ಕಾಲೇಜು ಪಂದ್ಯಗಳಲ್ಲಿ ಮೈಕ್ ಹಿಡಿಯುವ ನಾವೆಲ್ಲ ಇದನ್ನು ನೆನಪಿಟ್ಟುಕೊಳ್ಳೋಣ.