ಕಡಲು ದಾಟಿ ಬಂದ ಪೋಲಿಷ್ ಜನ ಮತ್ತು ಉಮಾದೇವಿ

ನಮ್ಮ ಕೋಡ್ಲಾ, ಸೇಡಂ ಸೀಮೆಗೆ ಕಡಲು ಬಹು ದೂರ. ಆದರೂ ಕಡಲು ದಾಟಿ ಬಂದ ಕಥೋಲಿಕ ಜನಸಮೂಹವೊಂದು ಗಡಿಯಾಚೆಯ ಕೊಲ್ಹಾಪುರದ ಬಳಿ ಐದು ವರ್ಷ ಬಾಳಿ ಹೋದುದನ್ನು ನಮ್ಮಲ್ಲಿ ಅನೇಕರು ಅರಿಯರು. ಆ ಜನರಿಗೆ ನೆರವಾಗಿ, ಮುಂದೆ ಮೈಸೂರಿನಲ್ಲಿ ಕಣ್ಮುಚ್ಚಿದ ವಾಂಡಾ ದಿನೋವ್‌ಸ್ಕಾ ಅವರನ್ನು ಈ ವಾರ ಸ್ಮರಿಸುತ್ತೇವೆ.

1888ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಪೋಲಿಷ್ ಕುಟುಂಬದಲ್ಲಿ ಜನಿಸಿದ ಈಕೆ ಥಿಯೊಸಾಫಿಕಲ್ ಸೊಸೈಟಿಯ ಕಡೆಗೆ ಒಲಿದು 1935ರಲ್ಲಿ ಭಾರತಕ್ಕೆ ಬಂದರು. ರಮಣ ಮಹರ್ಷಿಗಳ ಸನ್ನಿಧಿ ಸೇರಿದರು, ಗಾಂಧೀಜಿಯವರಿಗೆ ಆಪ್ತರಾದರು, ಉಮಾದೇವಿ ಎನಿಸಿದರು. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಿದ್ದ, ಯೆಹೂದ್ಯ ಕುಲದ ಪೋಲಿಷ್ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್ ಅವರೊಡನೆ 1944ರಲ್ಲಿ ಭಾರತ-ಪೋಲಿಷ್ ಗ್ರಂಥಮಾಲೆಯನ್ನು ಸ್ಥಾಪಿಸಿ ಭಗವದ್ಗೀತೆಯನ್ನು ತಾಯ್ನುಡಿಗೆ ತಂದರು.

ಅಷ್ಟರಲ್ಲಿ ಆಕೆಯ ನಾಡಿನವರೇ ನಿರ್ಗತಿಕರಾಗಿ ಇಲ್ಲಿಗೆ ಬಂದಿದ್ದರು. 1940-41ರಲ್ಲಿ ಸೋವಿಯತ್ ಸರ್ಕಾರ ಪೂರ್ವ ಪೋಲೆಂಡಿನ ಕುಟುಂಬಗಳನ್ನು ಸೈಬೀರಿಯ, ಕಜಕಸ್ತಾನಗಳಿಗೆ ಅಟ್ಟಿತ್ತು. 1941ರ ಒಪ್ಪಂದದಿಂದ ಬಿಡುಗಡೆಗೊಂಡವರಲ್ಲಿ ಲಕ್ಷಕ್ಕೂ ಮಿಕ್ಕಿ ಜನ 1942ರಲ್ಲಿ ಇರಾನಿಗೆ ಸೇರಿದರು. ಹೆಚ್ಚಿನವರು ಕ್ರಾಸ್ನೋವೋಡ್‌ಸ್ಕ್ ಬಂದರಿನಲ್ಲಿ ಕಿಕ್ಕಿರಿದ ಹಡಗುಗಳನ್ನೇರಿ, ಕ್ಯಾಸ್ಪಿಯನ್ ದಾಟಿ ಪಹ್ಲವಿಯಲ್ಲಿ ಇಳಿದರು. ಹಸಿವಿನಿಂದಲೂ ಟೈಫಸ್‌ನಿಂದಲೂ ಬಳಲಿದ ಅನೇಕರು ಆ ದಡದಲ್ಲೇ ಮಣ್ಣಾದರು. ಉಳಿದವರಲ್ಲಿ ಕೆಲವರು ಪರ್ಷಿಯ ಕೊಲ್ಲಿಯಿಂದ ಹಡಗಿನಲ್ಲಿ ಕರಾಚಿ ತಲುಪಿ, 1943ರಿಂದ ಕೊಲ್ಹಾಪುರದ ವಳಿವಡೆಯಲ್ಲಿ ನೆಲೆಸಿದರು. ಸುಮಾರು 5,000 ಜನ. ಬಹುಪಾಲು ಹೆಂಗಸರು, ಮಕ್ಕಳು. ದೇವಾಲಯ, ಶಾಲೆ, ಆಸ್ಪತ್ರೆಗಳೆಲ್ಲ ಇದ್ದ ಪುಟ್ಟ ಪೋಲೆಂಡೇ ಅದು. ಆಶ್ರಯವಿತ್ತ ನಾಡನ್ನು ಆ ಮಕ್ಕಳು ಅರಿಯಲೆಂದು ಉಮಾದೇವಿ ಶ್ರಮಿಸಿದರು.

1948ರ ಹೊತ್ತಿಗೆ ಶಿಬಿರ ಬರಿದಾಯಿತು. ಮುಂಬಯಿಯಿಂದ ಹಡಗೇರಿದವರು ಇಂಗ್ಲೆಂಡ್, ಪೂರ್ವ ಆಫ್ರಿಕಾಗಳಿಗೆ ಚದುರಿದರು. ಇಂದು ಅಜ್ಜಿಯರ ಹಡಗಿನ ಹಾದಿಯನ್ನು ಅರಸುವ ಮೊಮ್ಮಕ್ಕಳು ವಳಿವಡೆಗೂ ಬಂದು ನಿಲ್ಲುತ್ತಾರೆ.

ಉಮಾದೇವಿ ಮಾತ್ರ ಹಡಗು ಹತ್ತಲಿಲ್ಲ. 1960ರ ನಂತರ ಟಿಬೆಟಿನ ನಿರಾಶ್ರಿತ ಮಕ್ಕಳಿಗೆ ತಾಯಿಯಾದರು. ಇಷ್ಟು ಹಾದಿಗಳಲ್ಲಿ ನಡೆದವರನ್ನು ನಮ್ಮವರೆನ್ನಬಹುದೇ ಎಂದು ಕೆಲವರು ಕೇಳಿಯಾರು. ನಮಗಂತೂ ಆ ಪ್ರಶ್ನೆಗಿಂತ ಆಕೆಯ ಸೇವೆಯೇ ದೊಡ್ಡದಾಗಿ ಕಾಣುತ್ತದೆ. 1971ರ ಮಾರ್ಚ್ 20ರಂದು ಮೈಸೂರಿನಲ್ಲಿ ತೀರಿಕೊಳ್ಳುವ ಮುನ್ನ ಆಕೆ ಕಥೋಲಿಕ ಗುರುವಿನಿಂದ ಸಂಸ್ಕಾರಗಳನ್ನು ಸ್ವೀಕರಿಸಿದರು. ದೇಹವನ್ನು ಬೈಲಕುಪ್ಪೆಯಲ್ಲಿ ಟಿಬೆಟನ್ನರು ತಮ್ಮ ವಿಧಿಯಂತೆ ಮಣ್ಣಿಗಿತ್ತರು.