ಫ್ಯಾರನ್‌ಹೀಟ್: ಜ್ವರಕ್ಕೆ ಅಂಕಿ ಕೊಟ್ಟ ಅನಾಥ

ಮನೆಯಲ್ಲಿ ಮಗುವಿನ ಮೈ ಬಿಸಿಯಾದರೆ ಜ್ವರ ನೂರು ದಾಟಿದೆಯೇ ಎಂದು ವಿಚಾರಿಸುತ್ತೇವೆ. ಅದೇ ದಿನದ ಪತ್ರಿಕೆಯಲ್ಲಿ ಊರಿನ ಗರಿಷ್ಠ ಉಷ್ಣಾಂಶ 34 ಎಂದು ಓದುತ್ತೇವೆ. ಮೊದಲನೆಯದು ಫ್ಯಾರನ್‌ಹೀಟ್ ಲೆಕ್ಕ, ಎರಡನೆಯದು ಸೆಲ್ಸಿಯಸ್ ಲೆಕ್ಕ. ಜ್ವರದ ಲೆಕ್ಕಕ್ಕೆ ಹೆಸರಾದ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್‌ನ ಬದುಕು ಮಾತ್ರ ಬಹುಮಂದಿಗೆ ಅಪರಿಚಿತ.

ಬಾಲ್ಟಿಕ್ ಸಮುದ್ರ ತೀರದ ಡಾನ್ಸಿಗ್ ನಗರದ (ಇಂದಿನ ಪೋಲೆಂಡಿನ ಗ್ಡಾನ್ಸ್ಕ್) ವರ್ತಕ ಕುಟುಂಬದಲ್ಲಿ 1686ರ ಮೇ 24ರಂದು ಆತ ಜನಿಸಿದ. 1701ರ ಆಗಸ್ಟ್ 14ರಂದು ವಿಷಕಾರಿ ಅಣಬೆ ಸೇವಿಸಿ ತಂದೆ, ತಾಯಿ ಇಬ್ಬರೂ ಒಂದೇ ದಿನ ಅಸುನೀಗಿದರು. ಪಾಲನೆಯ ಹೊಣೆ ಹೊತ್ತವರು ಹದಿನೈದರ ಹರೆಯದ ಹುಡುಗನನ್ನು ವ್ಯಾಪಾರ ಕಲಿಯಲೆಂದು ಆಮ್‌ಸ್ಟರ್‌ಡಾಮ್‌ಗೆ ಕಳುಹಿಸಿದರು. ಆದರೆ ಆತನ ಮನಸ್ಸು ಲೆಕ್ಕದ ಪುಸ್ತಕದಲ್ಲಿ ನಿಲ್ಲದೆ, ಗಾಜಿನ ಉಷ್ಣಮಾಪಕಗಳಲ್ಲಿ ನೆಟ್ಟಿತು. ಇದರಿಂದ ಬೇಸತ್ತ ಪಾಲಕರು ಆತನನ್ನು ಬಂಧಿಸಿ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಪೂರ್ವದೇಶಗಳಿಗೆ ಅಟ್ಟಲು ಮುಂದಾದರು. ಯುವಕ ಊರಿಂದೂರಿಗೆ ಅಲೆಯತೊಡಗಿದ.

ಆ ಕಾಲದ ಉಷ್ಣಮಾಪಕಗಳದು ಒಂದು ದೊಡ್ಡ ಕೊರತೆ. ತಯಾರಕರು ತಮಗೆ ತೋಚಿದಂತೆ ಗೆರೆ ಎಳೆಯುತ್ತಿದ್ದರು. ಒಂದು ಮಾಪಕದ ಅಂಕಿ ಇನ್ನೊಂದರ ಅಂಕಿಗೆ ಹೊಂದುತ್ತಿರಲಿಲ್ಲ. 1708ರಲ್ಲಿ ಫ್ಯಾರನ್‌ಹೀಟ್ ಕೋಪನ್‌ಹೇಗನ್‌ನಲ್ಲಿ ಖಗೋಳ ವಿಜ್ಞಾನಿ ಓಲೆ ರೋಮರ್‌ನನ್ನು ಭೇಟಿಯಾದ. ಬೆಳಕಿಗೂ ವೇಗವಿದೆ ಎಂದು 1676ರಲ್ಲಿ ತೋರಿಸಿದ ರೋಮರ್, ತನ್ನದೇ ಆದ ಉಷ್ಣಮಾನವನ್ನೂ ರೂಪಿಸಿದ್ದ. ಅದರಲ್ಲಿ ನೀರು ಹೆಪ್ಪುಗಟ್ಟುವುದು ಏಳೂವರೆ ಡಿಗ್ರಿಯಲ್ಲಿ, ದೇಹದ ಬಿಸಿ ಇಪ್ಪತ್ತೆರಡೂವರೆ. ಈ ಅರ್ಧಗಳ ತೊಡಕು ಫ್ಯಾರನ್‌ಹೀಟ್‌ಗೆ ಹಿಡಿಸಲಿಲ್ಲ. ನಾಲ್ಕರಿಂದ ಗುಣಿಸಿದಾಗ 30 ಮತ್ತು 90 ಬಂದವು. ಮುಂದೆ ಅವನ್ನು 32 ಮತ್ತು 96ಕ್ಕೆ ತಿದ್ದಿದ. ನಡುವಣ ಅಂತರ 64. ಅದನ್ನು ಆರು ಬಾರಿ ಸಮಭಾಗ ಮಾಡಿದರೆ ಒಂದೊಂದು ಡಿಗ್ರಿಯ ಗೆರೆ ಸಿದ್ಧ. ಮಂಜುಗಡ್ಡೆ, ನೀರು ಮತ್ತು ನವಸಾಗರದ ಮಿಶ್ರಣದ ಶೀತವೇ ಆತನ ಸೊನ್ನೆ.

1714ರಲ್ಲಿ ಆತ ಜರ್ಮನಿಯ ವಿದ್ವಾಂಸ ಕ್ರಿಶ್ಚಿಯನ್ ವುಲ್ಫ್‌ಗೆ ಎರಡು ಉಷ್ಣಮಾಪಕಗಳನ್ನು ನೀಡಿದ. ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿದವು. ಇಂದು ಸಾಮಾನ್ಯವೆನಿಸುವ ಈ ಸಂಗತಿ ಅಂದು ವಿದ್ವಾಂಸರನ್ನೇ ಬೆರಗುಗೊಳಿಸಿತು. ಮದ್ಯಸಾರದ ಬದಲು ಶುದ್ಧೀಕರಿಸಿದ ಪಾದರಸ ಬಳಸಿ ಆತ ಮಾಪಕವನ್ನು ಇನ್ನಷ್ಟು ನಿಖರಗೊಳಿಸಿದ. 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಸ್ವೀಕರಿಸಿತು. ಕೀರ್ತಿ ಬಂದರೂ ಸಂಪತ್ತು ಬರಲಿಲ್ಲ. 1736ರ ಸೆಪ್ಟೆಂಬರ್ 16ರಂದು ಹೇಗ್ ನಗರದಲ್ಲಿ, ಐವತ್ತರ ವಯಸ್ಸಿನಲ್ಲಿ, ಅವಿವಾಹಿತನಾಗಿಯೇ ಕಣ್ಮುಚ್ಚಿದ.

ಆತನ ನಂತರ ನೀರಿನ ಕುದಿಬಿಂದುವನ್ನು 212 ಎಂದು ಸ್ಥಿರಪಡಿಸಲಾಯಿತು. ದೇಹದ ಸಹಜ ಉಷ್ಣತೆ 96ರಿಂದ 98.6ಕ್ಕೆ ಸರಿಯಿತು. 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ನೂರು ಭಾಗಗಳ ಮಾನವನ್ನು ಮುಂದಿಟ್ಟ. ಅದರಲ್ಲಿ ಕುದಿಯುವುದು ಸೊನ್ನೆ, ಹೆಪ್ಪುಗಟ್ಟುವುದು ನೂರು! ಅದನ್ನು ತಿರುವುಮುರುವು ಮಾಡಿದ ರೂಪವೇ ಇಂದು ಜಗತ್ತಿನ ಬಹುಭಾಗದಲ್ಲಿ ಬಳಕೆಯಲ್ಲಿದೆ.

ಎರಡು ಮಾನಗಳ ನಡುವಿನ ಲೆಕ್ಕ ಸುಲಭ. ಫ್ಯಾರನ್‌ಹೀಟ್ ಅಂಕಿಯಿಂದ 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದರೆ ಸೆಲ್ಸಿಯಸ್ ದೊರೆಯುತ್ತದೆ. 104 ಡಿಗ್ರಿ ಜ್ವರವೆಂದರೆ 40 ಸೆಲ್ಸಿಯಸ್. ಮೈನಸ್ 40ರಲ್ಲಿ ಮಾತ್ರ ಎರಡೂ ಒಂದಾಗುತ್ತವೆ. ಡಿಜಿಟಲ್ ಥರ್ಮಾಮೀಟರ್ ಕೊಳ್ಳುವವರು ಇದನ್ನು ನೆನಪಿಡುವುದು ಒಳಿತು. ಸೆಲ್ಸಿಯಸ್‌ಗೆ ಹೊಂದಿಸಿದ ಮಾಪಕ 39 ಎಂದು ತೋರಿದಾಗ ಜ್ವರವಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಅದು 102 ದಾಟಿದ ಜ್ವರ. ಒಂದೇ ಬಿಸಿಗೆ ಎಲ್ಲರೂ ಒಂದೇ ಅಂಕಿ ಓದುವಂತಾಗಲಿ ಎಂದು ದುಡಿದವನ ಶ್ರಮ, ಮಾನ ಯಾವುದೆಂದು ನಾವು ನೋಡಿಕೊಂಡಾಗ ಮಾತ್ರ ಸಾರ್ಥಕ.